ಬೆಲ್ಲ ಮಾರೋ ವೆಬ್‌ಸೈಟ್ ಗೂಗಲ್‌ನಲ್ಲಿ ಮೇಲೆ ಬರಬೇಕಾ?

ಮಂಡ್ಯ ಕಡೆ ಆಲೆಮನೆ ಇಟ್ಟುಕೊಂಡು ವೆಬ್‌ಸೈಟ್‌ನಲ್ಲೂ ಬೆಲ್ಲ ಮಾರುತ್ತಿರುವವರಿಗೆ ಒಂದೆರಡು ಮಾತು.

‘ದುಡ್ಡು ಕೊಡಿ, ಮೊದಲನೇ ಸ್ಥಾನ ಗ್ಯಾರಂಟಿ’ ಅಂತ ಫೋನ್ ಬಂದರೆ ಸುಮ್ನೆ ಇಟ್ಟುಬಿಡಿ. ಅಂಥ ಗ್ಯಾರಂಟಿ ಯಾರಿಂದಲೂ ಆಗಲ್ಲ ಅಂತ ಗೂಗಲ್ಲೇ ಹೇಳುತ್ತದೆ. ಜಾಹೀರಾತು ಕೊಟ್ಟರೂ ಮಾಮೂಲಿ ಫಲಿತಾಂಶದಲ್ಲಿ ಸ್ಥಾನ ಮೇಲೇರುವುದಿಲ್ಲ.

ನಿಮ್ಮ ಸೈಟನ್ನು ಮೊದಲು ಗೂಗಲ್ ಸರ್ಚ್ ಕನ್ಸೋಲ್‌ಗೆ ಸೇರಿಸಿ. ಅದು ಉಚಿತ. ಜನ ಏನು ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು, ಎಲ್ಲಾ ಅಲ್ಲೇ ಸಿಗುತ್ತದೆ. ಕಾಣಿಸಿಯೂ ಯಾರೂ ಒತ್ತುತ್ತಿಲ್ಲವಾ? ಪುಟದ ಟೈಟಲ್ (ಗೂಗಲ್ ಫಲಿತಾಂಶದಲ್ಲಿ ಒತ್ತಲು ಕಾಣುವ ತಲೆಬರಹ) ನೋಡಿ. ಎಷ್ಟೋ ಸೈಟ್‌ಗಳಲ್ಲಿ ಬರೀ ‘ಹೋಮ್’ ಅಂತ ಇರುತ್ತದೆ! ಅದರಿಂದ ಯಾರಿಗೆ ಏನು ಗೊತ್ತಾಗಬೇಕು? ‘ಮಂಡ್ಯ ಆಲೆಮನೆಯ ಅಚ್ಚು ಬೆಲ್ಲ – ಕೆಜಿ ದರ, ಕೊರಿಯರ್’ ಅಂತ ಬದಲಾಯಿಸಿ. ಪುಡಿ ಬೆಲ್ಲಕ್ಕೆ, ಜೋನಿ ಬೆಲ್ಲಕ್ಕೆ ಬೇರೆ ಪುಟ, ಬೇರೆ ಟೈಟಲ್ ಇರಲಿ.

ಇನ್ನೊಂದು. ದರ, ವಿಳಾಸ ಎಲ್ಲಾ ಬಣ್ಣದ ಬ್ಯಾನರ್ ಫೋಟೋ ಒಳಗೆ ತುರುಕಬೇಡಿ, ಅಕ್ಷರದಲ್ಲೇ ಟೈಪ್ ಮಾಡಿ. ಫೋಟೋ ಹಾಕಿದರೆ, ಅದರಲ್ಲಿ ಏನಿದೆ ಅಂತ ಅಕ್ಷರದಲ್ಲಿ ತಿಳಿಸುವ ಆಲ್ಟ್ ಟೆಕ್ಸ್ಟ್‌ನಲ್ಲಿ ‘ಕೊಪ್ಪರಿಗೆಯಲ್ಲಿ ಕುದಿಯುತ್ತಿರುವ ಕಬ್ಬಿನ ಹಾಲು’ ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಮೆಟಾ ಕೀವರ್ಡ್ (ಪುಟದ ಕೋಡ್ ಒಳಗೆ, ಓದುಗರಿಗೆ ಕಾಣದಂತೆ ಬರೆಯುವ ಹುಡುಕುಪದಗಳ ಪಟ್ಟಿ) ತುಂಬಿಸೋದು ದಂಡ. ಅದನ್ನು ನೋಡಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಮೊಬೈಲ್‌ನಲ್ಲಿ ಸೈಟ್ ಸರಿಯಾಗಿ ತೆರೆಯುತ್ತಾ ನೋಡಿಕೊಳ್ಳಿ. ಬದಲಾವಣೆ ಫಲಿತಾಂಶದಲ್ಲಿ ಕಾಣಲು ಕೆಲವು ವಾರ ಹಿಡಿಯಬಹುದು, ಅಲ್ಲಿಯವರೆಗೆ ದಿನಾ ಟೈಟಲ್ ಬದಲಾಯಿಸುತ್ತಾ ಕೂರಬೇಡಿ.