ಹುಣಸೆಹಣ್ಣಿನಲ್ಲಿ ತೊಳೆದ ಪೆನ್ನಿ

ನ್ಯೂಜೆರ್ಸಿಗೆ ಬಂದ ಮೊದಲ ವರ್ಷ, ಹಳೆ ಸಾಮಾನಿನ ಸಂತೆಯಲ್ಲಿ ಒಂದು ಬಿಸ್ಕತ್ ಡಬ್ಬಿ ಕೊಂಡೆ. ಅದರ ತುಂಬ ಲಿಂಕನ್ ಪೆನ್ನಿಗಳು, ಅಂದರೆ ಅಧ್ಯಕ್ಷ ಲಿಂಕನ್ನರ ಮುಖವಿರುವ ಅಮೆರಿಕದ ಒಂದು ಸೆಂಟಿನ ನಾಣ್ಯಗಳು. ಒಂದರ ಮೇಲೆ 1931 ಅಂತಿತ್ತು, ಇಸವಿಯ ಕೆಳಗೆ ಪುಟ್ಟ ‘ಎಸ್’. ಕಪ್ಪಗಾಗಿತ್ತು. ಅಮ್ಮ ದೇವರ ಮನೆಯ ತಾಮ್ರದ ಚೊಂಬನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುತ್ತಿದ್ದರಲ್ವಾ, ನಾನೂ ಹಾಗೇ ಉಜ್ಜಿದೆ. ಫಳಫಳ ಹೊಳೆಯಿತು.

ನಾಣ್ಯದ ವ್ಯಾಪಾರಿ ಅದನ್ನು ನೋಡಿದ ಕೂಡಲೇ ಬದಿಗಿಟ್ಟರು. ‘ಎಸ್’ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆ. ಆ ವರ್ಷ ಅಲ್ಲಿ ಅಚ್ಚಾಗಿದ್ದು 8,66,000 ಪೆನ್ನಿ ಮಾತ್ರ. ಆದರೆ ತೊಳೆದ ನಾಣ್ಯಕ್ಕೆ ಅರ್ಧ ಬೆಲೆಯೂ ಹುಟ್ಟಲಿಲ್ಲ. ತಾಮ್ರದ ನಾಣ್ಯಕ್ಕೆ ಬಣ್ಣವೇ ಬೆಲೆ. ಟಂಕಸಾಲೆಯಿಂದ ಬಂದಾಗಿನ ಕೆಂಪು ಉಳಿದಿದ್ದರೆ ಜಾಸ್ತಿ, ಕೆಂಪು ಕಂದು ಬೆರೆತಿದ್ದರೆ ಅದಕ್ಕಿಂತ ಕಡಿಮೆ, ಪೂರ್ತಿ ಕಂದಾಗಿದ್ದರೆ ಇನ್ನೂ ಕಡಿಮೆ. ಉಜ್ಜಿ ತರಿಸಿದ ಹೊಳಪು ಈ ಮೂರರಲ್ಲಿ ಯಾವುದೂ ಅಲ್ಲ. ಅನುಭವ ಇದ್ದವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಆಮೇಲೆ ಬ್ಯಾಂಕಿನಿಂದ ಕಾಗದದಲ್ಲಿ ಸುತ್ತಿದ ಪೆನ್ನಿ ರೋಲ್ ತಂದು ಹಳೆಯವನ್ನು ಹುಡುಕತೊಡಗಿದೆ. ಒಂದು ರೋಲಿನಲ್ಲಿ 50 ಪೆನ್ನಿ, ಕೊಡಬೇಕಾದ್ದು ಅರ್ಧ ಡಾಲರ್. ಮೊದಲು ಹಿಂಬದಿ ನೋಡುತ್ತೇನೆ. ಎರಡು ಗೋಧಿ ತೆನೆ ಇದ್ದರೆ ಅದು 1909ರಿಂದ 1958ರ ಒಳಗಿನದು, ಎತ್ತಿಡುತ್ತೇನೆ. 1982ರವು ಮಾತ್ರ ತೂಕಕ್ಕೆ ಹೋಗುತ್ತವೆ. ಆ ವರ್ಷ ಎರಡು ಬಗೆ ಬಂದವು. ನೂರಕ್ಕೆ 95 ಪಾಲು ತಾಮ್ರ ಇರುವುದು 3.11 ಗ್ರಾಂ, ಸತುವಿಗೆ ತಾಮ್ರದ ಲೇಪ ಕೊಟ್ಟದ್ದು 2.5 ಗ್ರಾಂ. ಈಗ ಕಿವಿಗೂ ಗೊತ್ತಾಗುತ್ತದೆ. ಮೇಜಿನ ಮೇಲೆ ಬಿಟ್ಟರೆ ತಾಮ್ರದ್ದು ‘ಟಿಣ್’ ಅನ್ನುತ್ತದೆ, ಸತುವಿನದು ‘ಟಕ್’.

ಬೆಲೆ ಕಟ್ಟುವಾಗ ಭೂತಗನ್ನಡಿ ಹಿಡಿದು ತೆನೆಯ ಗೆರೆಗಳನ್ನೂ ಲಿಂಕನ್ನರ ಕೆನ್ನೆ, ದವಡೆಯನ್ನೂ ನೋಡುತ್ತೇನೆ. ಸವೆತ ಶುರುವಾಗುವುದೇ ಅಲ್ಲಿ. ಅದೇ ಇಸವಿ, ಅದೇ ಸವೆತದ ನಾಣ್ಯ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಅಂತ ಹುಡುಕುತ್ತೇನೆ. ಮಾರುವವರು ಕೇಳುವ ಬೆಲೆಯನ್ನು ನಂಬುವುದಿಲ್ಲ. ಗೋಧಿ ತೆನೆಯ ಪೆನ್ನಿಗಳಲ್ಲಿ ಹೆಚ್ಚಿನವಕ್ಕೆ ಕೆಲವು ಸೆಂಟ್ ಅಷ್ಟೇ ಸಿಗುತ್ತದೆ. ಅದಕ್ಕೆ ಬೇಸರ ಬೇಡ.

1943ರ ತಾಮ್ರದ ಪೆನ್ನಿ ಸಿಕ್ಕಿತು ಅಂತ ಸ್ನೇಹಿತರು ತಂದು ತೋರಿಸುತ್ತಾರೆ. ಯುದ್ಧಕ್ಕೆ ತಾಮ್ರ ಬೇಕಾಗಿತ್ತು ಅಂತ ಆ ವರ್ಷ ಉಕ್ಕಿಗೆ ಸತು ಬಳಿದು ಪೆನ್ನಿ ಮಾಡಿದರು. ತಪ್ಪಿ ತಾಮ್ರದಲ್ಲಿ ಅಚ್ಚಾದವು ತೀರಾ ಅಪರೂಪ. ಮೊದಲು ಮ್ಯಾಗ್ನೆಟ್ ಹಿಡಿಯಿರಿ. ಅಂಟಿದರೆ ಉಕ್ಕಿಗೆ ತಾಮ್ರ ಬಳಿದದ್ದು. ಅಂಟದಿದ್ದರೂ ಇಸವಿಯ ಕೊನೆಯ ಅಂಕೆಯನ್ನು ಭೂತಗನ್ನಡಿಯಲ್ಲಿ ನೋಡಿ. 1948ರ 8ನ್ನು ಕೆರೆದು 3 ಮಾಡುವವರಿದ್ದಾರೆ.

2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಗೆಂದು ಕೊನೆಯ ಪೆನ್ನಿಗಳು ಅಚ್ಚಾದವು. ಸುದ್ದಿ ಓದಿದ ದಿನ ನಿಜಕ್ಕೂ ಸಂಕಟವಾಯಿತು. ರೋಲ್ ಸಿಗುವಷ್ಟು ದಿನ ತರುತ್ತೇನೆ. ಮೊನ್ನೆ 1919ರದೊಂದು ಸಿಕ್ಕಿತು, ಇದ್ದಿಲಿನಷ್ಟು ಕಪ್ಪು. ಅಂಚು ಹಿಡಿದು ಎತ್ತಿ, ಹಾಗೇ ಕಾಗದದ ಕವರಿನಲ್ಲಿಟ್ಟೆ.