ಟಿಂಬರ್ ಯಾರ್ಡಿನಿಂದ ಮನೆಗೆ ಬಂದ ಹಳೇ ಬ್ಯಾಂಡ್‌ಸಾ

ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಒಂದು ಫರ್ನಿಚರ್ ವರ್ಕ್‌ಶಾಪ್ ಮುಚ್ಚುತ್ತಿದೆ, ಮಶೀನೆಲ್ಲ ಮಾರ್ತಾರಂತೆ ಅಂತ ನಮ್ಮ ಪ್ಲೈವುಡ್ ಅಂಗಡಿಯವರು ಹೇಳಿದರು. ಹೋಗಿ ನೋಡಿದರೆ ಮೂಲೆಯಲ್ಲಿ ಮೊಣಕಾಲುದ್ದ ಮರದ ಹೊಟ್ಟಿನೊಳಗೆ ಹೂತುಕೊಂಡು ನಿಂತಿತ್ತು, 18 ಇಂಚು ಚಕ್ರದ, ಪಂಜಾಬಿನ ಬಟಾಲಾ ಕಡೆಯ ಬೀಡಿನ (ಎರಕದ ಕಬ್ಬಿಣದ) ಬ್ಯಾಂಡ್‌ಸಾ. ಮೇಲೊಂದು ಕೆಳಗೊಂದು ಚಕ್ರಕ್ಕೆ ಬೆಲ್ಟಿನ ಹಾಗೆ ಸುತ್ತಿದ ಗರಗಸದ ಬ್ಲೇಡು ಓಡುತ್ತಾ ಮರ ಸೀಳುವ ಮಶೀನು ಇದು. ಹಸಿರು ಪೇಂಟಿನ ಮೇಲೆ ಮತ್ತೊಂದು ಹಸಿರು ಪೇಂಟು, ಅದರ ಮೇಲೆ ಎಷ್ಟೋ ಆಯುಧಪೂಜೆಗಳ ಕುಂಕುಮ.

“ಎಣ್ಣೆ ಬಿಟ್ರೆ ಸಾಕು ಸಾರ್, ಓಡುತ್ತೆ” ಅಂದರು ಮಾಲೀಕರು. ಓಡಿಸಿ ತೋರಿಸೋಕೆ ಕರೆಂಟೇ ಇರಲಿಲ್ಲ. ನನಗೇನೂ ಬೇಜಾರಾಗಲಿಲ್ಲ. ಮೋಟರು, ಬೇರಿಂಗು, ಬೆಲ್ಟು, ಸ್ವಿಚ್ಚು ಯಾವುದು ಕೆಟ್ಟಿದ್ದರೂ ಎಸ್.ಜೆ.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಒಂದು ಸುತ್ತು ಹೋಗಿಬಂದರೆ ಸಿಗುತ್ತದೆ. ಸಿಗದೇ ಇರೋದು ಬಿರುಕಿಲ್ಲದ ಬೀಡು ಮತ್ತು ಸೊಟ್ಟಗಾಗದ ಚಕ್ರ. ಹಾಗಾಗಿ ನೋಡಿದ್ದು ಅವೆರಡನ್ನೇ. ಚಿಕ್ಕ ಸುತ್ತಿಗೆಯಲ್ಲಿ ಚಕ್ರದ ಒಂದೊಂದೇ ಕಡ್ಡಿಗೆ ಮೆಲ್ಲಗೆ ಬಡಿದೆ. ಗಂಟೆಯ ಹಾಗೆ ಣಣ್ ಅಂದರೆ ಸರಿ, ಒಡೆದ ಮಡಕೆಯ ಹಾಗೆ ಸದ್ದು ಬಂದರೆ ಬಿರುಕು. ಆಮೇಲೆ ಚಕ್ರದ ಅಂಚಿಗೆ ಪೆನ್ನಿನ ತುದಿ ಹಿಡಿದು ನಿಧಾನಕ್ಕೆ ತಿರುಗಿಸಿದೆ. ಬೆಂಕಿಕಡ್ಡಿ ದಪ್ಪದಷ್ಟೂ ಓಲಾಡಲಿಲ್ಲ. 30 ಸಾವಿರ ಹೇಳಿದರು, 19ಕ್ಕೆ ಮುಗಿಯಿತು.

ಸಾಗಿಸಿದ್ದರ ಬಗ್ಗೆ ಒಂದೇ ಮಾತು. ಬ್ಯಾಂಡ್‌ಸಾಗೆ ತಲೆಭಾರ ಜಾಸ್ತಿ, ನಿಲ್ಲಿಸಿಕೊಂಡು ತರಬೇಡಿ. ಟೇಬಲ್ಲು, ಮೋಟರು ಬಿಚ್ಚಿ, ಟಾಟಾ ಏಸ್‌ನಲ್ಲಿ ಹಳೇ ಟೈರುಗಳ ಮೇಲೆ ಮಲಗಿಸಿ ತಂದೆವು.

ಮೋಟರು 2 ಎಚ್‌ಪಿ, ತ್ರೀ ಫೇಸ್, 415 ವೋಲ್ಟು. ಮನೆಯ ಬೆಸ್ಕಾಂ ಲೈನು ಸಿಂಗಲ್ ಫೇಸು. ಕೇಳಿದವರೆಲ್ಲ “ಮೋಟರೇ ಬದಲಾಯಿಸಿ” ಅಂದರು. ಮೋಟರಿನ ಟರ್ಮಿನಲ್ ಬಾಕ್ಸ್ ತೆಗೆದು ನೋಡಿದರೆ ವೈಂಡಿಂಗಿನ ಆರು ತುದಿ ಹೊರಗಿದ್ದವು, ಮೂರನ್ನು ಅಡ್ಡಲಾಗಿ ತಾಮ್ರದ ಪಟ್ಟಿ ಹಾಕಿ ಸೇರಿಸಿದ್ದರು, ಅಂದರೆ ಸ್ಟಾರ್ ಕನೆಕ್ಷನ್. ಅದನ್ನು ಬಿಚ್ಚಿ ಪಟ್ಟಿಗಳನ್ನು ಉದ್ದುದ್ದಕ್ಕೆ ಹಾಕಿದರೆ ಡೆಲ್ಟಾ ಕನೆಕ್ಷನ್, ಅದೇ ಮೋಟರಿಗೆ 240 ವೋಲ್ಟು ಸಾಕು. ಒಂದು ವಿಎಫ್‌ಡಿ ತಂದೆ, ಅಂದರೆ ಕರೆಂಟಿನ ಹರ್ಟ್ಸ್ ಹೆಚ್ಚು ಕಮ್ಮಿ ಮಾಡಿ ಮೋಟರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವು. ಸಿಂಗಲ್ ಫೇಸ್ ಒಳಗೆ ಹೋಗಿ 230 ವೋಲ್ಟಿನ ತ್ರೀ ಫೇಸ್ ಹೊರಗೆ ಬರುತ್ತದೆ. ಹಳೇ ಸ್ಟಾರ್ಟರನ್ನು ಪೂರ್ತಿ ತೆಗೆದುಬಿಟ್ಟೆ. ಡ್ರೈವಿಗೂ ಮೋಟರಿಗೂ ನಡುವೆ ಸ್ವಿಚ್ಚು ಇಟ್ಟು ಓಡುವಾಗ ಆರಿಸಿದರೆ ಡ್ರೈವ್ ಸುಟ್ಟುಹೋಗಬಹುದು.

ಬೇರಿಂಗಿನ ಸ್ಥಿತಿ ತಿಳಿಯೋಕೆ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕೂತಿರುವ ಹೌಸಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಚಕ್ರ ತಿರುಗಿಸಿದೆ. ಮೇಲಿನದು ಸುಮ್ಮನಿತ್ತು, ಕೆಳಗಿನದು ರಾಗಿ ಬೀಸಿದ ಹಾಗೆ. ಹೇಗೂ ಬಿಚ್ಚಿದ್ದಾಯಿತು ಅಂತ ಎರಡೂ ಚಕ್ರಗಳ ನಾಲ್ಕು ಬೇರಿಂಗನ್ನೂ ಬದಲಾಯಿಸಿದೆ. ಅಂಗಡಿಯಾತ ಹಳೆಯದರ ಜಿಡ್ಡನ್ನು ಹೆಬ್ಬೆರಳಲ್ಲಿ ಒರೆಸಿ ನಂಬರ್ ಓದಿದ. “6205. ಜೆಡ್‌ಜೆಡ್ ಕೊಡ್ಲಾ, 2ಆರ್‌ಎಸ್ ಕೊಡ್ಲಾ ಸಾರ್?” ಜೆಡ್‌ಜೆಡ್‌ಗೆ ಇರೋದು ತಗಡಿನ ಮುಚ್ಚಳ; ಮರದ ಧೂಳಿಗೆ ರಬ್ಬರ್ ಸೀಲಿನ 2ಆರ್‌ಎಸ್ಸೇ ಸರಿ.

ನಿಜವಾಗಿ ನನ್ನ ಪ್ರಾಣ ತಿಂದದ್ದು ಚಕ್ರದ ಮೇಲಿನ ರಬ್ಬರು. ಹಿಂದಿನವರು ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದ್ದರು, ಅದರ ಮೇಲೆ ಇನ್ನೊಂದು ಟ್ಯೂಬು. ಬ್ಲೇಡು ಒಮ್ಮೆ ಮುಂದೆ ಜಾರಿದರೆ ಇನ್ನೊಮ್ಮೆ ಹಿಂದೆ. ಎಲ್ಲ ಕೆರೆದು, 3 ಎಂಎಂ ರಬ್ಬರ್ ಪಟ್ಟಿ ತಂದು, ಚಕ್ರದ ಸುತ್ತಳತೆ 56.5 ಇಂಚಿಗಿಂತ ಒಂದೂವರೆ ಇಂಚು ಕಮ್ಮಿ ಕತ್ತರಿಸಿ ಎಳೆದು ಅಂಟಿಸಿದೆ. ಮೊದಲ ಸಲ ತುದಿಗಳನ್ನು ನೇರಕ್ಕೆ ಕತ್ತರಿಸಿದ್ದೆ. ಸುತ್ತಿಗೊಂದು ಸಲ ಟಕ್, ಟಕ್. ಕಿತ್ತು, ಓರೆಯಾಗಿ ಕತ್ತರಿಸಿ ಮತ್ತೆ ಅಂಟಿಸಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ರಬ್ಬರು ನಡುವೆ ಸ್ವಲ್ಪ ಉಬ್ಬಿರಬೇಕು. ಓಡುವ ಪಟ್ಟಿ ಯಾವಾಗಲೂ ಎತ್ತರದ ಕಡೆಗೇ ಹತ್ತುತ್ತದೆ, ಬ್ಲೇಡು ನಡುವೆ ನಿಲ್ಲೋದು ಅದರಿಂದಲೇ. ಕೆಳಗಿನ ಚಕ್ರವನ್ನು ಬ್ಲೇಡಿಲ್ಲದೆ ಡ್ರೈವಿನಲ್ಲಿ 10 ಹರ್ಟ್ಸಿಗೆ ಇಳಿಸಿ, ಮರದ ತುಂಡಿಗೆ 60 ನಂಬರಿನ ಎಮರಿ ಸುತ್ತಿ ಎರಡೂ ಅಂಚನ್ನು ಉಜ್ಜಿದೆ. ಮೇಲಿನ ಚಕ್ರಕ್ಕೆ ಮೋಟರಿಲ್ಲವಲ್ಲ, ನಮ್ಮ ಮಾವ ಸ್ಟೂಲ್ ಹಾಕಿಕೊಂಡು ಕೈಯಲ್ಲೇ ತಿರುಗಿಸುತ್ತಾ ಕೂತರು. “ಏನಪ್ಪಾ, ಅಳಿಯನ ಮನೇಲಿ ಗಾಣ ತಿರುಗಿಸೋ ಹಾಗಾಯ್ತು” ಅಂದರು. ಎರಡು ಭಾನುವಾರ ಹೋಯಿತು.

ಬ್ಲೇಡಿನ ಉದ್ದಕ್ಕೆ ಲೆಕ್ಕ ಸುಲಭ. ಮೇಲಿನ ಚಕ್ರವನ್ನು ಅದರ ಮೇಲೆ ಕೆಳಗಿನ ಓಡಾಟದ ನಡುವಿಗೆ ತಂದು ಎರಡು ಚಕ್ರಗಳ ನಡುವಿಂದ ನಡುವಿಗೆ ಅಳೆಯಿರಿ. ನನಗೆ 36.5 ಇಂಚು ಬಂತು. ಅದರ ಎರಡರಷ್ಟಕ್ಕೆ ಒಂದು ಸುತ್ತಳತೆ ಸೇರಿಸಿದರೆ 129.5. ಅಳತೆ ಸರಿಯಿತ್ತು, ಬ್ಲೇಡಿನ ಎರಡು ತುದಿ ಸೇರಿಸಿದ ಬೆಸುಗೆ ಸರಿಯಿರಲಿಲ್ಲ. ಮೂರನೇ ಕಟ್ಟಿಂಗಿಗೆ ಪಟಾಕಿ ಹೊಡೆದ ಹಾಗೆ ಸದ್ದಾಯಿತು. ಚಕ್ರ ನಿಮಿಷಕ್ಕೆ 720 ಸುತ್ತು, ಬ್ಲೇಡು ಹತ್ತಿರ ಹತ್ತಿರ 3,400 ಅಡಿ. ಬಾಗಿಲು ಮುಚ್ಚಿದ್ದರಿಂದ ತುಂಡೆಲ್ಲ ಒಳಗೇ ಉಳಿಯಿತು. ನನ್ನ ಕೈ ಮಾತ್ರ ಸುಮಾರು ಹೊತ್ತು ನಡುಗುತ್ತಿತ್ತು. ಮುರಿದದ್ದು ಜೋಡಣೆಯ ಪಕ್ಕದಲ್ಲೇ, ಗಾಜಿನ ಹಾಗೆ. ಬೆಸೆದ ಜಾಗವನ್ನು ಮತ್ತೆ ಹದವಾಗಿ ಕಾಯಿಸಿ ನಿಧಾನಕ್ಕೆ ಆರಲು ಬಿಡಬೇಕು, ಅದನ್ನು ಮಾಡದೆ ಕೊಟ್ಟಿದ್ದರು. ಈಗ ಬೇರೆ ಕಡೆ ಮಾಡಿಸುತ್ತೇನೆ. ಕೈಗೆ ಬಂದ ಕೂಡಲೇ ಜೋಡಣೆಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ನೋಡಿಯೇ ದುಡ್ಡು ಕೊಡೋದು.

ಬ್ಲೇಡು ಅತ್ತಿತ್ತ ಆಡದಂತೆ ತಡೆಯುವ ಗೈಡ್ ಬ್ಲಾಕುಗಳನ್ನು ಹುಣಸೆ ಮರದಲ್ಲಿ ಮಾಡಿ ಎಣ್ಣೆಯಲ್ಲಿ ನೆನೆಸಿದ್ದೇನೆ. ಬ್ಲೇಡಿಗೂ ಅದಕ್ಕೂ ನಡುವೆ ಒಂದು ಕಾಗದ ತೂರುವಷ್ಟು ಸಂದು. ಬ್ಲೇಡಿನ ಬೆನ್ನ ಹಿಂದಿರುವ ಬೇರಿಂಗು ಮಶೀನು ಬರಿದೇ ಓಡುವಾಗ ತಾಗಬಾರದು, ಮರ ಕೊಟ್ಟಾಗ ಮಾತ್ರ ತಿರುಗಬೇಕು.

ಮೊದಲು ಸೀಳಿದ್ದು ಆರು ಇಂಚು ಅಗಲದ ಹಲಸಿನ ಹಲಗೆ. ಶೆಡ್ಡೆಲ್ಲ ಅರಿಶಿನದ ಪುಡಿ ಚೆಲ್ಲಿದ ಹಾಗಾಯಿತು. ಕಟ್ಟಿಂಗು ಎಡಕ್ಕೆ ಸ್ವಲ್ಪ ಎಳೆಯುತ್ತದೆ, ಮರವನ್ನು ಆನಿಸಿ ತಳ್ಳುವ ಪಟ್ಟಿ, ಅಂದರೆ ಫೆನ್ಸನ್ನು ಆ ಕೋನಕ್ಕೇ ತಿರುಗಿಸಿಕೊಂಡಿದ್ದೇನೆ. ಕೆಲಸ ಮುಗಿದ ಮೇಲೆ ಬ್ಲೇಡು ಸಡಿಲ ಮಾಡಿ ಬಿಡುತ್ತೇನೆ. ಬಿಗಿಮಾಡೋದು ಮರೆತು ಓಡಿಸದಿರಲಿ ಅಂತ, ಆ ರಾಗಿ ಬೀಸುತ್ತಿದ್ದ ಹಳೇ 6205ನ್ನು ದಾರ ಕಟ್ಟಿ ಸ್ವಿಚ್ಚಿಗೆ ನೇತುಹಾಕಿರುತ್ತೇನೆ.