ಮೂರನೇ ಸಿಲಿಂಡರ್‌ನ ದೂರು

ಎಂಜಿನ್ ಚಿಹ್ನೆಯ ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಒಂದೆರಡು ದಿನ ತಡೆಯಬಹುದು. ಮಿನುಗತೊಡಗಿದರೆ ತಡೆಯಬಾರದು. ಸಿಲಿಂಡರ್‌ನಲ್ಲಿ ಉರಿಯದೆ ಉಳಿದ ಪೆಟ್ರೋಲ್, ಹೊಗೆಯ ವಿಷ ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರ್‌ಗೆ ಹೋಗಿ, ಅಲ್ಲಿ ಹೊತ್ತಿ, ಅದನ್ನೇ ಹಾಳುಮಾಡುತ್ತದೆ. ಅದರ ಬೆಲೆ ಕೇಳಿದವರು ಮತ್ತೆ ಉಡಾಫೆ ಮಾಡುವುದಿಲ್ಲ.

ನಮ್ಮ ಹಳೆಯ ಪೆಟ್ರೋಲ್ ಕಾರಿನ ದೀಪ ಮಿನುಗಿದ್ದು ಹೆಬ್ಬಾಳದ ಮೇಲ್ಸೇತುವೆ ಏರುವಾಗ. ಪಿಕಪ್ ಸತ್ತುಹೋಗಿ ಸ್ಟೀರಿಂಗ್ ನಡುಗುತ್ತಿತ್ತು. ಬಾನೆಟ್ ಎತ್ತಿ ನೋಡಿದ ಗ್ಯಾರೇಜಿನವರು, "ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಬದಲಾಯಿಸಿಬಿಡೋಣ ಸಾರ್, ತಲೆನೋವೇ ಇರುವುದಿಲ್ಲ" ಎಂದರು. ಸಿಲಿಂಡರ್‌ನೊಳಗೆ ಕಿಡಿ ಹಾರಿಸುವುದು ಪ್ಲಗ್, ಅದಕ್ಕೆ ಬೇಕಾದ ಹೈವೋಲ್ಟೇಜ್ ಕೊಡುವುದು ಕಾಯಿಲ್; ಸಿಲಿಂಡರಿಗೊಂದು ಜೋಡಿ. ನೋಯುತ್ತಿರುವ ಹಲ್ಲು ಯಾವುದೆಂದು ನೋಡದೆ ಸಾಲನ್ನೇ ಕೀಳುವ ವೈದ್ಯ ನನಗೆ ಬೇಡವಾಗಿತ್ತು.

2013ರ ಏಪ್ರಿಲ್‌ನಿಂದ ನಮ್ಮಲ್ಲಿ ಕಾರುಗಳಿಗೆ ಒಬಿಡಿ-2, ಅಂದರೆ ಎಂಜಿನ್ನಿನ ದೋಷವನ್ನು ಕೋಡ್ ಆಗಿ ದಾಖಲಿಸುವ ವ್ಯವಸ್ಥೆ, ಕಡ್ಡಾಯ. ಸ್ಟೀರಿಂಗ್‌ನ ಕೆಳಗೆ ಕೈಯಾಡಿಸಿದರೆ ಹದಿನಾರು ಪಿನ್ನುಗಳ ಸಾಕೆಟ್ ಸಿಗುತ್ತದೆ. ಸ್ಕ್ಯಾನರ್ ಚುಚ್ಚಿ ಕೀಲಿ ತಿರುಗಿಸಿದೆ: ಪಿ0303. ಮೂರನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕೋಡ್ ಹೇಳುವುದು ಇಷ್ಟೇ. ಕೆಟ್ಟದ್ದು ಕಾಯಿಲೋ ಪ್ಲಗ್ಗೋ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರೋ ಎಂದು ಅದು ಹೇಳುವುದಿಲ್ಲ. ಅಳಿಸುವ ಮುನ್ನ, ದೋಷ ಬಂದ ಕ್ಷಣದ ಅಂಕಿಗಳನ್ನು ಹಿಡಿದಿಡುವ ಫ್ರೀಜ್ ಫ್ರೇಮ್‌ನ ಫೋಟೊ ತೆಗೆದುಕೊಂಡೆ, ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಎಂಜಿನ್ ಬಿಸಿ, ಭಾರ ಹೆಚ್ಚು, ವೇಗ ಕಡಿಮೆ ಎಂದು ಅದು ತೋರಿಸಿತು. ಭಾರ ಬಿದ್ದಾಗ ಕೈಕೊಡುವುದು ಹೆಚ್ಚಾಗಿ ಕಿಡಿಯ ದೋಷದ ಲಕ್ಷಣ.

ಸ್ಕ್ಯಾನರ್‌ನಲ್ಲಿ ಸೆನ್ಸರ್‌ಗಳ ಆ ಕ್ಷಣದ ಅಂಕಿಗಳನ್ನು, ಅಂದರೆ ಲೈವ್ ಡೇಟಾ, ನೋಡುವವರಿಗೆ ಒಂದು ಮಾತು. ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿದಾಗ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇಲ್ಲಿ ಸುಮಾರು 91 ಕಿಲೋಪಾಸ್ಕಲ್ ತೋರಿಸುತ್ತದೆ. ಪುಸ್ತಕದಲ್ಲಿರುವ 101 ಸಮುದ್ರಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್‌ಗೂ ಎತ್ತರದಲ್ಲಿದೆ, ಸೆನ್ಸರ್ ಕೆಟ್ಟಿಲ್ಲ.

ಎಂಜಿನ್ ತಣ್ಣಗಾದ ಮೇಲೆ ಮೂರನೆಯ ಕಾಯಿಲನ್ನು ಒಂದನೆಯದಕ್ಕೂ ಅಲ್ಲಿಯದನ್ನು ಮೂರನೆಯದಕ್ಕೂ ಹಾಕಿದೆ. ಬಿಚ್ಚಲು ಬೇಕಾದದ್ದು ಒಂದು ಬೋಲ್ಟು, ಒಂದು ಕನೆಕ್ಟರ್. ಎಂಜಿನ್ನಿನ ಬಿಸಿಗೆ ಒಣಗಿದ ಕನೆಕ್ಟರ್‌ನ ಲಾಕ್ ಮುರಿಯದಂತೆ ಮಾತ್ರ ನೋಡಿಕೊಳ್ಳಬೇಕು. ಕೋಡ್ ಅಳಿಸಿ ಬಡಾವಣೆಯೊಳಗೇ ಒಂದು ಸುತ್ತು ಹೋದೆ. ಬಂದದ್ದು ಪಿ0301, ಈಗ ಒಂದನೇ ಸಿಲಿಂಡರ್! ದೋಷ ಕಾಯಿಲಿನ ಜೊತೆಗೇ ಜಾಗ ಬದಲಿಸಿತ್ತು. ಇಂಜೆಕ್ಟರ್ ಆಗಿದ್ದರೆ ಮೂರರಲ್ಲೇ ಉಳಿಯುತ್ತಿತ್ತು.

ಪ್ಲಗ್ಗಿನ ಮೇಲೆ ಕೂರುವ ಆ ಕಾಯಿಲಿನ ರಬ್ಬರ್ ಬೂಟನ್ನು ಟಾರ್ಚ್ ಬೆಳಕಿನಲ್ಲಿ ತಿರುಗಿಸಿ ನೋಡಿದರೆ, ಒಳಗೋಡೆಯಲ್ಲಿ ಉದ್ದಕ್ಕೆ ಒಂದು ತೆಳು ಕಪ್ಪು ಗೆರೆ. ಕಿಡಿ ಪ್ಲಗ್ಗಿನ ತುದಿ ತಲುಪದೆ ಅಡ್ಡದಾರಿ ಹಿಡಿದ ಗುರುತು. ಮೂರನೆಯ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೂ ಅದೇ ಗೆರೆ. ಆ ಪ್ಲಗ್ ಉಳಿಸಿಕೊಂಡರೆ ಹೊಸ ಬೂಟೂ ಸುಡುತ್ತದೆ. ಪ್ಲಗ್‌ಗಳ ಆಯುಸ್ಸೂ ಮುಗಿಯುತ್ತ ಬಂದಿತ್ತು. ಹಾಗಾಗಿ ಪ್ಲಗ್ಗಿನ ವಿಷಯದಲ್ಲಿ ಗ್ಯಾರೇಜಿನವರ ಮಾತು ಸರಿಯೇ. ವಾಹನದ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಹಳೆಯ ಕಾಯಿಲಿನ ಪಾರ್ಟ್ ನಂಬರ್ ತೋರಿಸಿ ಒಂದೇ ಕಾಯಿಲ್, ನಾಲ್ಕು ಪ್ಲಗ್ ತಂದೆ.

ಹಾಕಿದ ಮರುವಾರ ಪೆಂಡಿಂಗ್ ಕೋಡ್‌ಗಳ ಪಟ್ಟಿಯನ್ನೂ ತೆರೆದು ನೋಡಿದೆ. ದೀಪ ಹೊತ್ತುವ ಮೊದಲೇ ದೋಷ ಅಲ್ಲಿ ತಲೆಹಾಕುತ್ತದೆ. ಪಟ್ಟಿ ಖಾಲಿಯಿತ್ತು.